ಸೋಸಿದ ಪಾಲಿಶ್

ಹೆಂಡದಂಗಡಿ ತೆರೆದಿದ್ದಾಗ ಒಂದು ಕ್ವಾರ್ಟರಿಗೆ ಎಂಬತ್ತು. ಸರ್ಕಾರ ಮುಚ್ಚಿಸಿದ ಮೇಲೆ, ಕದ್ದು ಮಾರುವವನ ಕೈಯಲ್ಲಿ ಅದಕ್ಕೇ ನಾನೂರು. ಮರಕ್ಕೆ ಹೊಳಪು ಕೊಡುವ ಸ್ಪಿರಿಟ್ ಮಾತ್ರ ಮೊದಲಿನ ದರಕ್ಕೇ ಸಿಗುತ್ತಿತ್ತು. ಪಾಲಿಶ್ ಕೆಲಸದವನ ಮನೆಯಲ್ಲಿ ಈ ಲೆಕ್ಕ ಎಲ್ಲಿಗೆ ಮುಟ್ಟುತ್ತದೆಂದು ಅಂಗಡಿ ಮುಚ್ಚಿಸಲು ಬೀದಿಗಿಳಿದ ಹೆಂಗಸರು ಯಾರೂ ಯೋಚಿಸಿರಲಿಲ್ಲ. ಮುಂದಿನ ಸಾಲಿನಲ್ಲೇ ಇದ್ದ ಅವನ ಹೆಂಡತಿಯೂ ಯೋಚಿಸಿರಲಿಲ್ಲ.

ಯೋಚಿಸಿದ್ದು, ಪಕ್ಕದ ಬೀದಿಯ ಬಣ್ಣದವನು ಆ ಸ್ಪಿರಿಟ್ ಕುಡಿದು ಎರಡೂ ಕಣ್ಣು ಕಳೆದುಕೊಂಡ ಮೇಲೆ. ಅಂದಿನಿಂದ ಡಬ್ಬ ಮನೆಗೆ ಬಂದ ಕೂಡಲೇ ಅವಳೇ ಅದಕ್ಕೆ ಅರಗು ಸುರಿದು ಕಲಕಿಬಿಡುತ್ತಿದ್ದಳು. ಅರಗು ಕರಗಿದರೆ ಅದು ಪಾಲಿಶ್; ಪಾಲಿಶನ್ನು ಯಾರು ಕುಡಿದಾರು ಎಂಬುದು ಅವಳ ಧೈರ್ಯ. ಅರಗು ಕರಗಿಸುವುದರಲ್ಲೇ ತಲೆ ನರೆತವನಿಗೆ ಅದನ್ನು ಬೇರ್ಪಡಿಸಲೂ ಬರುತ್ತದೆಂದು ಅವಳಿಗೆ ಹೊಳೆಯಲಿಲ್ಲ.

ಒಂದು ಮಧ್ಯಾಹ್ನ ಅಡುಗೆಮನೆಯ ಉಪ್ಪಿನ ಡಬ್ಬಿ ಹುಡುಕುತ್ತಾ ಕೆಲಸದ ಕೋಣೆಗೆ ಬಂದಳು. ಗಂಡ, ಗಿರಾಕಿಗೆ ಒಪ್ಪಿಸಬೇಕಿದ್ದ ದೊಡ್ಡ ಮೇಜಿನ ಪಕ್ಕ ನಿಂತು ಬಟ್ಟೆಯಲ್ಲಿ ಏನೋ ಸೋಸುತ್ತಿದ್ದ. ಉಪ್ಪಿನ ಡಬ್ಬಿ ಅವನ ಪಕ್ಕದಲ್ಲೇ ತೆರೆದಿತ್ತು. ಬಟ್ಟೆಯೊಳಗೆ ಅರಗು ಮುದ್ದೆಗಟ್ಟಿತ್ತು. ಲೋಟಕ್ಕೆ ತಿಳಿ ಇಳಿಯುತ್ತಿತ್ತು.

“ಥೂ! ಬಣ್ಣದವನ ಗತಿ ನೋಡಿಯೂ ಬುದ್ಧಿ ಬರಲಿಲ್ವಾ ನಿಮಗೆ?”

“ಅಂಗಡಿ ಮುಚ್ಚಿಸಿದ್ದು ಯಾರು? ಬೀದೀಲಿ ಗಂಟಲು ಹರ್ಕೊಂಡು ಚಪ್ಪಾಳೆ ಗಿಟ್ಟಿಸಿದ್ಯಲ್ಲ, ಮಹಾತಾಯಿ!”

ಬಾಗಿಲಿಗೆ ಬಂದ ಅತ್ತೆ ಮಗನ ಪಕ್ಷ ಹಿಡಿದರು. “ಆಗ ಕುಡಿದ್ರೂ ತನ್ನ ಕಾಲ ಮೇಲೆ ನಡ್ಕೊಂಡು ಬರ್ತಿದ್ದ. ಊರಿಗೆ ಉಪಕಾರ ಮಾಡೋಕೆ ಹೋಗಿ ಮನೆಗೆ ವಿಷ ತಂದ್ಯಲ್ಲೇ.”

“ನಡ್ಕೊಂಡು ಬಂದು ಯಾರ ಮೇಲೆ ಕೈ ಎತ್ತುತ್ತಿದ್ರು, ಅದನ್ನೂ ಹೇಳಿ ಅತ್ತೆ.”

ಅವನು ಲೋಟ ಎತ್ತಿ ತುಟಿಗಿಟ್ಟ. ಅವಳು ಕೈ ಬೀಸಿದಳು. ಲೋಟ ಹಾರಿ, ಸ್ಪಿರಿಟ್ ಮೇಜಿನ ಮೇಲೆಲ್ಲ ಹರಡಿ, ವಾರಗಟ್ಟಲೆ ತಿಕ್ಕಿ ಬರಿಸಿದ ಹೊಳಪನ್ನು ಕಣ್ಣೆದುರೇ ತಿಂದುಹಾಕಿತು.

“ಅಯ್ಯೋ, ನನ್ನ ಕೆಲಸ!” ಅವನು ಅಂಗೈಯಿಂದ ಒರೆಸಹೋದ; ಕಲೆ ಇನ್ನಷ್ಟು ಹಬ್ಬಿತು. ಹೆಂಡತಿಯನ್ನು ಹೊಡೆದಾಗ ಎಂದೂ ಬಾರದ ನೀರು ಈಗ ಕಣ್ಣಿಗೆ ಬಂತು.

“ಅಳಿ,” ಅಂದಳು ಅವಳು. “ಅಳೋಕೆ ಕಣ್ಣಾದ್ರೂ ಇದೆಯಲ್ಲ.”

ಈಗ ಡಬ್ಬ ಅವಳ ವಶದಲ್ಲಿದೆ. ಕೆಲಸಕ್ಕೆ ಬೇಕಾದಷ್ಟೇ ಅಳೆದು ಕೊಟ್ಟು, ಪಾಲಿಶ್ ಹಚ್ಚುವ ಬಟ್ಟೆ ಒಣಗುವ ತನಕ ಕಾವಲು ಕೂರುತ್ತಾಳೆ. ಅವನು ಬೆನ್ನು ಹಾಕಿಕೊಂಡು ಮರ ತಿಕ್ಕುತ್ತಾನೆ. ಏನು ಬೇಕಿದ್ದರೂ ತಾಯಿಯ ಬಾಯಲ್ಲೇ ಹೇಳಿಸುತ್ತಾನೆ. ಅವನ ಎರಡು ಕಣ್ಣೂ ಉಳಿದವು. ಮೇಜಿನ ಗಿರಾಕಿ ಹೋದ, ಗಂಡ ಹೆಂಡಿರ ಮಾತೂ ಹೋಯಿತು.