ಓಣಿಗೆ ಅಡ್ಡ ಹಚ್ಚಿದ ಹಾಸು

ನೆರಳು ಇನ್ನೂ ನಾಲ್ಕು ಬೆರಳು ಮುಂದಿದೆ, ಹಿಂದೆ ಸರಿಯಬೇಕು, ಸರಿಯುತ್ತದೆ, ಸೂರ್ಯನಿಗೆ ಹುನಗುಂದದ ಬಸ್ಸಿನ ಹಾಗೆ ತಡವಾಗುವ ಚಟವಿಲ್ಲ, ಎಂಟೂವರೆಗೆ ಸರಿಯಾಗಿ ಸಂಘದ ಕಟ್ಟಡದ ಹಲ್ಲುಹಲ್ಲಿನ ನೆರಳು ನಾನು ರಸ್ತೆಗೆ ಬಳಿದ ಕೆಂಪು ಎಳೆಗಳ ತುದಿಗೆ ಬಂದು ನಿಲ್ಲುತ್ತದೆ, ಹೋದ ವಾರವಿಡೀ ಸೀಮೆಸುಣ್ಣ ಹಿಡಿದು ನಿಮಿಷ ನಿಮಿಷಕ್ಕೂ ಗುರುತು ಹಾಕಿದ್ದೇನೆ, ಈರಪ್ಪನ ಮಗಳು ಸಿಮೆಂಟ್ ರಸ್ತೆಯನ್ನು ಹೊಲದ ಹಾಗೆ ಅಳೆಯುತ್ತಿದ್ದಾಳೆ ಎಂದು ಓಣಿಯವರು ನಕ್ಕರು, ನಗಲಿ — ನಾಳೆ ಇದನ್ನು ಹೇಳಿದರೆ ಪದ್ಮಶ್ರೀ ಮತ್ತೊಂದು ಬಂಡಲ್ ಬಿಟ್ಟಳು ಎನ್ನುತ್ತಾರೆ, ನನ್ನ ಹೆಸರು ಕೆಟ್ಟದ್ದೇ ಹಾಗೆ, ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿ ತೆಗೆದು ಇಡೀ ವರ್ಗಕ್ಕೆ ರಜೆ ಕೊಟ್ಟವಳು, ಕಂಡಕ್ಟರನ ದನಿಯಲ್ಲಿ ಹೋಲ್ಡಾನ್ ಅಂದು ಅಮೀನಗಡದ ಬಯಲಲ್ಲಿ ಬಸ್ಸು ನಿಲ್ಲಿಸಿದವಳು, ಆದರೆ ಇವತ್ತಿನದು ಖರೆ, ಅಕ್ಷರಕ್ಕಕ್ಷರ ಖರೆ, ಸಾಕ್ಷಿಗೆಂದೇ ಕ್ಯಾಮೆರಾ ಹಿಡಿದು ಕೂತಿದ್ದೇನೆ, ತಾಯವ್ವನ ಮನೆಯ ಅರೆಮುಚ್ಚಿದ ಕದದ ಹಿಂದೆ, ಕಾಲು ಜೋಮು ಹಿಡಿದಿದೆ, ಪಕ್ಕದಲ್ಲಿ ತಾಯವ್ವ, ಎಪ್ಪತ್ತೆಂಟು ವರ್ಷ, ಅದರಲ್ಲಿ ಅರವತ್ತು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕಳೆದವಳು, ಬಂದ್ನೇನವಾ ಎಂದು ಮೂರನೆಯ ಸಲ ಕೇಳುತ್ತಾಳೆ, ಇನ್ನಾ ಇಲ್ಲಬೇ, ಸುಮ್ನ ಕುಂದ್ರು, ನಕ್ಕಿ ಅಂದ್ರ ಎಲ್ಲಾ ಕೆಡತೈತಿ, ನಾ ಯಾಕ ನಗಲಿ, ನಾ ಏನ್ ಸಣ್ಣ ಹುಡುಗೀನ, ಅನ್ನುತ್ತಲೇ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಾಳೆ.

ಕದದ ಸಂದಿಯಲ್ಲಿ ಎದುರಿಗೆ ಅದೇ ಕಟ್ಟಡ, ನೇಕಾರರ ಸಂಘದ್ದು, ಮಡಚಿದ ಕಾಗದದಂತೆ ಏರಿ ಇಳಿದು ಏರಿ ಇಳಿಯುವ ಕಾಂಕ್ರೀಟಿನ ಮಾಡು, ಬಣ್ಣವಿಲ್ಲದ ಬೂದು ಗೋಡೆ, ಅಚ್ಚಿಗೆ ಹೊಡೆದ ಹಲಗೆಯ ಗೆರೆಗಳು ಇನ್ನೂ ಅದರ ಮೈಮೇಲಿವೆ, ಐವತ್ತು ವರ್ಷದ ಹಿಂದೆ ಯಾವ ಪುಣ್ಯಾತ್ಮ ಎಂಜಿನಿಯರು ಕಟ್ಟಿದನೋ, ಹೆಸರಿನ ಕಲ್ಲೂ ಇಲ್ಲ, ಬಾಗಲಕೋಟೆಯಲ್ಲಿ ಸಿವಿಲ್ ಓದುವಾಗ ನಾನು ನವನಗರದ ಸೆಕ್ಟರು ಸೆಕ್ಟರು ಸುತ್ತಿ ನೀರಿನ ಟಾಕಿಯ ಹೊಟ್ಟೆ, ಮೆಟ್ಟಿಲ ಬೆನ್ನು, ಸೂರಿನ ತುದಿ ಅಂತ ಫೋಟೋ ತೆಗೆಯುತ್ತಿದ್ದೆ, ಗೆಳತಿಯರು ಬಾದಾಮಿಗೆ ಕರೆದುಕೊಂಡು ಹೋದರೆ ಅಲ್ಲೂ ಗುಹೆಗೆ ಬೆನ್ನು ಹಾಕಿ ಪಾರ್ಕಿಂಗಿನ ಗೋಡೆಗೆ ಯಾರೋ ಬರೆದ ದೊಡ್ಡ ಹಳದಿ ಕೋತಿಯ ಮುಂದೆ ನಿಂತೆ, ನಿನಗ ಹುಚ್ಚ ಹಿಡದೈತಿ ಅಂದಳು ಅಲ್ಮಾಸ, ಹೌದು, ಹಿಡಿದಿದೆ, ಬಾದಾಮಿಯ ಕೆಂಪು ಬಂಡೆಗೆ ಸಾವಿರ ಕ್ಯಾಮೆರಾ ಇವೆ, ಈ ಬೂದು ಗೋಡೆಗೆ ನಾನೊಬ್ಬಳೇ — ಈಗ ಹುನಗುಂದದ ಆಫೀಸಿನಲ್ಲಿ ದಿನಾ ಮನೆಗಳ ನಕ್ಷೆ ಬರೆಯುತ್ತೇನೆ, ಬಂದವರೆಲ್ಲ ಮೇಡಂ ಎಲಿವೇಶನ್ ಜೋರ ಇರ್ಲಿರಿ ಅಂತಾರೆ, ಮೂರು ಬಣ್ಣ, ನೀಲಿ ಗಾಜು, ಹೊಳೆಯುವ ತಗಡು, ಎಲಿವೇಶನ್ ಅಲ್ಲ ಅದು ಎಲ್ಲಾ ವೇಷಾನೇ, ಸಿಮೆಂಟಿಗೆ ಸೀಮಂತ ಮಾಡಿಸುವವರು, ಮಾಡಿಸಿಕೊಳ್ಳಲಿ, ಅವರ ಮನೆ ಅವರ ಇಷ್ಟ, ಆದರೆ ಹದಿನೈದು ದಿನದ ಹಿಂದೆ ವಿಜಯಮಹಾಂತೇಶ ಕಾಕಾ, ನಮ್ಮಪ್ಪನ ದೊಡ್ಡಪ್ಪನ ಮಗ, ಸಂಘದ ಅಧ್ಯಕ್ಷ, ಈ ಕಟ್ಟಡದ ಮುಖಕ್ಕೂ ಅದೇ ತಗಡು ಬಡಿಯಲು ಠರಾವು ಬರೆಸಿದ, ಮಾಡಿನ ಹಲ್ಲುಗಳೆಲ್ಲ ತಗಡಿನ ಹಿಂದೆ, ನೆರಳು ನೆಟ್ಟಗೆ ಕತ್ತರಿಸಿದ ಹಾಗೆ, ನಾನು ಓಡಿದೆ, ಕಾಕಾ ಆ ಮಾಡು ಒಮ್ಮೆ ನೋಡ್ರಿ, ಏನ್ ನೋಡ್ಲಿ ಪದ್ದಿ, ಸಣ್ಣಾಂವ ಇದ್ದಾಗಿಂದ ನೋಡೇನಿ, ಮುರಕ ಹಪ್ಪಳ ಜೋಡಿಸಿದಂಗ ಐತಿ, ನವನಗರದಾಗ ಸೀರಿ ಅಂಗಡಿ ನೋಡೀಯಿಲ್ಲ, ಬಸ್ಸಿನ್ಯಾಗ ಹೋಗೂ ಮಂದಿ ಸೈತ ಹೊಳ್ಳಿ ನೋಡ್ತಾರ, ಇದರ ಮುಂದ ಯಾರರ ನಿಂತದ್ದು ನೋಡಿಯೇನು ನೀ, ನಾ ನಿಂತೇನ್ರಿ, ನಿನ್ನ ಬಿಡು, ನೀ ಗಟಾರದ ಫೋಟೋನೂ ತಗೀತಿ, ಆರು ಜನ ನಿರ್ದೇಶಕರೂ ನಕ್ಕರು, ಅಮಸಿದ್ದಪ್ಪನಂತೂ ಚಹಾ ಚೆಲ್ಲಿಕೊಂಡ, ನಗು ನೋಡಿ ಕಾಕಾನಿಗೆ ಹುರುಪು ಬಂತು, ಇಷ್ಟ ಮಂದಿ ಮುಂದ ಹೇಳಾಕತ್ತೇನಿ ಪದ್ದಿ, ನಮ್ಮ ಓಣಿಯಾಗ ಹುಟ್ಟಿದಾಂವ ಒಬ್ಬಾಂವ ಆ ಕಟ್ಟಡದ ಮುಂದ ತಾನಾಗಿ ನಿಂತು ಮಾರಿ ಎತ್ತಿ ನೋಡಿದ್ರ ಠರಾವು ನನ್ನ ಕೈಲೆ ಹರೀತೇನಿ, ಇನ್ನ ಹದಿನೈದು ದಿನಕ್ಕ, ಸೋಮವಾರ ಒಂಬತ್ತಕ್ಕ ಸಹಿ, ಅಷ್ಟರಾಗ ಒಬ್ಬಾಂವನ್ನ ತಂದು ತೋರ್ಸು — ಇವತ್ತು ಸೋಮವಾರ, ಎಂಟು ಗಂಟೆ ಇಪ್ಪತ್ತು ನಿಮಿಷ, ನೆರಳು ಎರಡು ಬೆರಳು.

ಯಾರನ್ನು ನಿಲ್ಲಿಸುವುದು, ಹೇಗೆ ನಿಲ್ಲಿಸುವುದು, ಮೂರು ದಿನ ಅದೇ ಚಿಂತೆ, ನಿಲ್ಲಿರಿ ಅಂದರೆ ಯಾರು ನಿಲ್ಲುತ್ತಾರೆ, ಹೊಲಕ್ಕೆ, ಅಂಗಡಿಗೆ, ಬಸ್ಸಿಗೆ ಓಡುವವರು, ಆಮೇಲೆ ಒಂದು ಮುಂಜಾನೆ ಇದೇ ಓಣಿಯ ಆ ತುದಿಯಲ್ಲಿ ಯಾರೋ ಹಾಸು ಹಚ್ಚಿದ್ದರು, ಸೀರೆಯ ಉದ್ದದ ಎಳೆಗಳನ್ನು ಮಗ್ಗಕ್ಕೇರಿಸುವ ಮೊದಲು ಹೊರಗೆ ಕೋಲಿಗೆ ಬಿಗಿದು ಗಂಜಿ ಒಣಗಿಸುತ್ತಾರಲ್ಲ, ಅದು, ಮೊಣಕಾಲೆತ್ತರಕ್ಕೆ, ಸಾವಿರ ಎಳೆ, ಬೈಕಿನ ಮೇಲೆ ಮೊಬೈಲಿನಲ್ಲಿ ಮಾತಾಡುತ್ತ ಬಂದ ಹುಡುಗ ಕಂಡೊಡನೆ ಇಳಿದ, ಮಾತು ನಿಲ್ಲಿಸಿದ, ಬೈಕನ್ನು ನೂಕಿಕೊಂಡು ಸುತ್ತು ಬಳಸಿ ಹೋದ, ಯಾರೂ ಹೇಳಲಿಲ್ಲ, ಹೇಳಬೇಕಾಗಿಲ್ಲ, ಹಾಸು ದಾಟಬಾರದು, ಈ ಓಣಿಯಲ್ಲಿ ಹುಟ್ಟಿದವರಿಗೆ ಅದು ಕಾಲಿಗೇ ಗೊತ್ತು, ಐದು ವರ್ಷದವಳಿದ್ದಾಗ ನಾನೊಮ್ಮೆ ಜಿಗಿದು ತಾಯವ್ವನಿಂದ ಬೆನ್ನಿಗೆ ಗುದ್ದು ತಿಂದಿದ್ದೆ, ಅನ್ನ ದಾಟ್ತಾರೇನ, ಸುತ್ತಿ ಬಾ — ಅಷ್ಟೇ, ಹೊಳೆಯಿತು, ಅವತ್ತೇ ಅಲ್ಮಾಸಳ ಮನೆಗೆ ಹೋದೆ, ಅವಳ ಅಪ್ಪ ಸುಭಾನಸಾಬ ಅಂಗಡಿಗಳ ಬೋರ್ಡು ಬರೆಯುತ್ತಿದ್ದವರು, ಫ್ಲೆಕ್ಸು ಬಂದ ಮೇಲೆ ಕುಂಚ ಒಣಗಿಸಿ ಕೂತವರು, ಅವರ ಕೈ ಅಲ್ಮಾಸಳಿಗೆ ಬಂದಿದೆ, ನೆರಳು ಬರಿಯೂದ ಮುಖ್ಯಾರಿ ಚಾಚಾ ಅಂದೆ, ಎಳಿ ಯಾರರ ಬರೀತಾರ, ಎಳಿ ಕೆಳಗಿನ ನೆರಳು ಬರದಾಗ ಎಳಿ ಮ್ಯಾಲ ಏಳತೈತಿ ಅಂದರು ಅವರೇ, ನಾನು ಬಾಯಿ ತೆರೆಯುವ ಮೊದಲೇ, ನಿನ್ನೆ ಇಡೀ ದಿನ ಬಳಿದೆವು, ಕಾಕಾ ಹೆಂಡತಿಯನ್ನು ಕರೆದುಕೊಂಡು ಶಿವಯೋಗ ಮಂದಿರಕ್ಕೆ, ಅಲ್ಲಿಂದ ಚೊಳಚಗುಡ್ಡದ ಬೀಗರ ಮನೆಗೆ ಹೋಗಿದ್ದ, ಓಣಿಗೆ ಓಣಿಯೇ ಗುಟ್ಟಿನೊಳಗಿತ್ತು, ತಾಯವ್ವನ ಜಗುಲಿಯಿಂದ ಓರೆಯಾಗಿ ಹೊರಟ ದಾಳಿಂಬರ ಕೆಂಪಿನ ಎಳೆಗಳು ರಸ್ತೆ ಹಾಯ್ದು ಸಂಘದ ಗೋಡೆಯ ಹತ್ತಿರದ ನನ್ನ ಸೀಮೆಸುಣ್ಣದ ಗುರುತಿನವರೆಗೆ, ನೋಡುವವರು ಸ್ಕೂಟರಿನ ಎತ್ತರದಿಂದ ಬಂದರೆ ಎಳೆ ನೆಲ ಬಿಟ್ಟು ಎದ್ದು ನಿಲ್ಲಬೇಕು, ಹಾಗೆ ಲೆಕ್ಕ ಹಾಕಿ, ಸಂಜೆ ತಾಡಪತ್ರಿ ಹೊಚ್ಚಿದೆವು, ಇವತ್ತು ಎಂಟಕ್ಕೆ ತೆಗೆದೆವು, ತೆಗೆದ ಎರಡೇ ನಿಮಿಷಕ್ಕೆ ಕೊಡ ಹೊತ್ತ ಕಾಸಿಂಬಿ, ನಿನ್ನೆ ನಮ್ಮ ಮುಂದೆಯೇ ನಿಂತು ಬಣ್ಣಕ್ಕೆ ಹೆಸರಿಟ್ಟವಳು, ಸುತ್ತು ಬಳಸಿ ಹೋದಳು, ಹೋಗಿ ನಾಲಿಗೆ ಕಚ್ಚಿಕೊಂಡಳು.

ಸ್ಕೂಟರು, ಅದೇ, ಗಂಟಲು ಕಟ್ಟಿದ ಹಾರ್ನು, ತಾಯವ್ವ ನನ್ನ ತೊಡೆ ಚಿವುಟಿದಳು, ನೆರಳು ಬಂದು ಮುಟ್ಟಿದೆ, ಮುಟ್ಟಿಯೇ ಬಿಟ್ಟಿದೆ, ಕೆಂಪು ಎಳೆಗಳ ತುದಿಗೆ ಮಾಡಿನ ಕಪ್ಪು ಹಲ್ಲುಗಳು ಒಂದೊಂದಾಗಿ ಹೆಣೆದುಕೊಂಡಿವೆ, ಕಾಕಾ ತಿರುವಿನಲ್ಲಿ ಬಂದ, ಬಿಳಿ ಧೋತರ, ಹ್ಯಾಂಡಲಿಗೆ ಕೆಂಪು ಫೈಲು, ಬ್ರೇಕು ಹಾಕಿದ, ಕಾಲು ಊರಿದ, ಯಾಂವಲೇ ಇದು, ಹಾದಿಗೆ ಅಡ್ಡ ಹಾಸು ಹಚ್ಚಾಂವಾ, ಅಂದ, ಮೊದಲ ಫೋಟೋ, ಸ್ಕೂಟರು ಸ್ಟ್ಯಾಂಡಿಗೆ ಹಾಕಿದ, ಹತ್ತಿರ ಬರುತ್ತಿದ್ದಾನೆ, ಹತ್ತಿರ ಬಂದರೆ ಬಣ್ಣ ಬಣ್ಣವಾಗಿಯೇ ಕಾಣುತ್ತದೆ, ಇನ್ನು ಆರು ಹೆಜ್ಜೆ, ಐದು, ಕಣ್ಣು ಕಿರಿದು ಮಾಡಿದ, ಕೆಟ್ಟಿತು, ಹಲ್ಲು ಬಿಗಿಹಿಡಿದು ತಾಯವ್ವನ ದನಿ ತೆಗೆದೆ, ಎಲೆ ಅಡಿಕೆಯ ಒದ್ದೆ, ಕೊನೆಯಲ್ಲಿ ಸಣ್ಣ ಕೆಮ್ಮು, ನಂದೋ ತಮ್ಮಾ, ದಾಟಬ್ಯಾಡ, ಗಂಜಿ ಹಸಿ ಐತಿ, ಜಗಲಿ ಹತ್ತಿ ಬಾ, ಪಕ್ಕದಲ್ಲಿ ಅಸಲಿ ತಾಯವ್ವ ಸೆರಗು ಬಾಯಿಂದ ತೆಗೆದು ನನ್ನನ್ನು ಹೊಸಬಳನ್ನು ನೋಡಿದ ಹಾಗೆ ನೋಡಿದಳು, ಹೊರಗೆ ಕಾಕಾ, ಆತು ಬಿಡಬೇ, ಇಷ್ಟಗಲ ಓಣಿಯಾಗ ನಿನಗ ಇದ ಜಾಗ ಸಿಕ್ತೇನ, ಅನ್ನುತ್ತ ಧೋತರದ ಚುಂಗು ಎತ್ತಿ ಹಿಡಿದು ಚಪ್ಪಲಿ ಕೈಗೆ ತೆಗೆದುಕೊಂಡು ಜಗುಲಿ ಹತ್ತಿ, ಗೋಡೆಗೆ ಬೆನ್ನು ಹಚ್ಚಿ, ಅಡ್ಡಡ್ಡ ಸರಿದು, ಸಂಘದ ಅಧ್ಯಕ್ಷ ನನ್ನ ಮೂಗಿನಿಂದ ಎರಡು ಮೊಳ ದೂರದಲ್ಲಿ ಹಾಯ್ದು ಆಚೆ ಇಳಿದ, ನಾಲ್ಕನೇ ಫೋಟೋ, ಐದನೇ, ಇಳಿದವನು ಹೋಗಬೇಕಲ್ಲ, ಹೋಗಲಿಲ್ಲ, ಬಗ್ಗಿದ, ಯಾಕೆ ಬಗ್ಗಿದ, ತಾಯವ್ವಾ ಇಲ್ಲೊಂದು ಎಳಿ ಹರದೈತಿ ನೋಡಬೇ, ಅಂದ, ಆಗ ನೆನಪಾಯಿತು, ಆ ಹರಿದ ಎಳೆ ನನ್ನದಲ್ಲ, ನಿನ್ನೆ ಸಂಜೆ ತಾಯವ್ವ ಕೋಲೂರಿಕೊಂಡು ಬಂದು ನೋಡಿ, ಒಂದೂ ಹರೀಲಾರದ ಹಾಸು ಎಲ್ಲೆರ ಇರತೈತೇನ, ಸುಳ್ಳ ಅಂತ ಗೊತ್ತಾಕ್ಕೈತಿ ಎಂದು ಅಲ್ಮಾಸಳ ಕುಂಚ ಕಸಿದು ತಾನೇ ಎಳೆದದ್ದು — ಮಗ್ಗ ಬಿಟ್ಟು ನಲವತ್ತು ವರ್ಷವಾಯಿತು, ನಾಲ್ಕು ಅಂಗಡಿ, ಆರು ಉಂಗುರ, ಆದರೂ ಕಾಕಾನ ಹೆಬ್ಬೆರಳು ತೋರುಬೆರಳು ಕೂಡಿಕೊಂಡು ಎಳೆಯ ತುದಿ ಹಿಡಿದು ಹೊಸೆಯಲು ಕೆಳಗಿಳಿದವು, ಸಿಮೆಂಟಿಗೆ ಉಗುರು ಗೀರಿತು, ಮತ್ತೊಮ್ಮೆ ಹಿಡಿದ, ಮತ್ತೊಮ್ಮೆ ಗೀರಿತು, ಆ ಎರಡು ಬೆರಳು, ಅದೇ ಫೋಟೋ, ಅದೊಂದೇ ಸಾಕು, ಓಣಿಯಲ್ಲಿ ಕಿಟಕಿ ಕಿಟಕಿಯೂ ಉಸಿರು ಹಿಡಿದಿದೆ, ಅಲ್ಮಾಸ ಕಣ್ಣು ಮುಚ್ಚಿದ್ದಾಳೆ, ಕಾಕಾ ಅಂಗೈಯಿಂದ ನೆಲ ಸವರಿದ, ಸವರುತ್ತ ಎಳೆಗುಂಟ ಕಣ್ಣು ಹಾಯಿಸಿದ, ಕೆಂಪು ಮುಗಿಯುವಲ್ಲಿ ಕಪ್ಪು ಹಲ್ಲು, ಅಲ್ಲಿ ಕೂತೇ ಇದ್ದ, ಸೆರಗು, ಅಂದ, ತನಗೆ ತಾನೇ, ಟೋಪತೆನಿ ಸೆರಗು ಇದು, ನಾವು ನೇಯೂ ಹಲ್ಲಿನ ಸೆರಗು, ಇದನ್ಯಾರ ಬರದ್ರು, ನಾನು ಹೊರಗೆ ಬಂದಿದ್ದೆ, ಬರದಿಲ್ರಿ ಕಾಕಾ, ಅದು ಬಿದ್ದದ್ದು, ಮ್ಯಾಲ ನೋಡ್ರಿ, ಕಾಕಾ ಎದ್ದು ನಿಂತ, ಮುಖ ಎತ್ತಿದ, ಮಾಡನ್ನು ನೋಡಿದ, ನೆರಳನ್ನು ನೋಡಿದ, ಮತ್ತೆ ಮಾಡನ್ನು, ಎಷ್ಟು ಹೊತ್ತು ಗೊತ್ತಿಲ್ಲ, ಹೀಂಗ ದಿನಾ ಬೀಳತೈತೇನು, ದಿನಾ ಬೀಳತೈತ್ರಿ, ಮೋಡ ಇಲ್ಲಂದ್ರ, ಐವತ್ತು ವರ್ಷ ಇದನ್ನ ತುಳಕೋತ ಹೋಗೇನಿ ಪದ್ದಿ, ನೀವು ನಿಂತ್ರಿ ಕಾಕಾ ಅಂದೆ, ಸಣ್ಣಗೆ, ಯಾರ ದನಿಯಲ್ಲೂ ಅಲ್ಲ, ನನ್ನದೇ ದನಿಯಲ್ಲಿ, ಮಾರಿ ಎತ್ತಿ ನೋಡಿದ್ರಿ, ನೀವು ಈ ಓಣಿಯಾಗ ಹುಟ್ಟಿದವರ — ಹುಬ್ಬು ಗಂಟು, ಮೀಸೆ ಬಿಗಿ, ಗದರುತ್ತಾನೆ, ಗದರಿಯೇ ಬಿಡುತ್ತಾನೆ, ಒಳಗಿಂದ ತಾಯವ್ವ ತಡೆಯಲಾರದೆ ಅಸಲಿ ಕೆಮ್ಮು ಕೆಮ್ಮಿದಳು, ತಮ್ಮಾ, ಎಳಿ ಕಟ್ಟಿದ್ಯೇನೋ, ಗಂಟು ಬಿಗಿ ಆತೇನೋ, ಅಂದಳು, ಕಾಕಾ ನನ್ನನ್ನು ನೋಡಿದ, ಕದವನ್ನು ನೋಡಿದ, ಎರಡು ತಾಯವ್ವ ಅಂದ, ಮೊದಲು ಹೊಟ್ಟೆ ಅಲುಗಿತು, ಆಮೇಲೆ ಹೆಗಲು, ಸ್ಕೂಟರಿಗೆ ಹೋಗಿ ಕೆಂಪು ಫೈಲು ಬಿಚ್ಚಿ ಠರಾವು ತೆಗೆದು ಉದ್ದಕ್ಕೆ ಹರಿದ, ಅಡ್ಡಕ್ಕೆ ಹರಿದ, ಹಾಸು ಹೊಕ್ಕು ಎರಡೂ ಆತ ನೋಡ್ ಅಂದ, ಹೋಗುವಾಗಲೂ ಬರುವಾಗಲೂ ಜಗುಲಿ ಹತ್ತಿಯೇ ಹೋದ, ಹತ್ತಿಯೇ ಬಂದ, ಗೆದ್ದೆ, ಗೆದ್ದೆ, ಮಾಡು ಗೆದ್ದಿತು, ಹಲ್ಲು ಹಲ್ಲೂ ಗೆದ್ದಿತು, ನನ್ನ ಕೈಯಲ್ಲಿ ಕ್ಯಾಮೆರಾ ಬೆವರಿದೆ, ಅಷ್ಟರಲ್ಲಿ ತಿರುವಿನಲ್ಲಿ ಛತ್ರಿ, ಸಹಿ ಹಾಕಲು ಬಂದ ನಿರ್ದೇಶಕ ಅಮಸಿದ್ದಪ್ಪ, ಕಾಕಾ ಗಬಕ್ಕನೆ ನನ್ನ ರಟ್ಟೆ ಹಿಡಿದು ತಾಯವ್ವನ ಕದದ ಹಿಂದೆ ಎಳೆದ, ಬಾಯಿ ಮುಚ್ಚ, ಆ ಧ್ವನಿ ತಗಿ, ಲಗೂ ತಗಿ, ತೆಗೆದೆ, ನಂದೋ ಯಪ್ಪಾ, ದಾಟಬ್ಯಾಡೋ, ಅಮಸಿದ್ದಪ್ಪ ಛತ್ರಿ ಮಡಚಿದ, ಧೋತರ ಎತ್ತಿದ, ಆತಬೇ ಆತಬೇ ಎಂದು ಜಗುಲಿಗೆ ಕಾಲಿಟ್ಟ, ಕಾಕಾ ಗೋಡೆಗೆ ಹಣೆ ಹಚ್ಚಿ ನಗುತ್ತಿದ್ದಾನೆ, ಓಣಿ ನಗುತ್ತಿದೆ, ಅಲ್ಮಾಸ, ಕಾಸಿಂಬಿ, ತಾಯವ್ವನ ಹಲ್ಲಿಲ್ಲದ ಬಾಯಿ, ಎಲ್ಲರ ನಗುವಿನ ಮೇಲೆ ಕಾಕಾನದೇ, ಕಣ್ಣಲ್ಲಿ ನೀರು, ಧೋತರ ಸಡಿಲು, ಅಷ್ಟು ನಗುವಿನಲ್ಲೂ ಅವನ ಬಲಗೈಯ ಹೆಬ್ಬೆರಳು ತೋರುಬೆರಳು ಬಿಟ್ಟಿಲ್ಲ, ಕೂಡಿಯೇ ಇವೆ, ಇಲ್ಲದ ಎಳೆಯನ್ನು ಹೊಸೆಯುತ್ತಿವೆ, ಹೊಸೆಯುತ್ತಲೇ ಇವೆ, ಆ ಎರಡು ಬೆರಳು —