ಹಳೇ ಗುಂಡಿಯ ಉಪ್ಪು

"ಏಯ್ ಬೋಳಿಮಗನೆ! ಚಪ್ಪಡಿ ಸೀಳಿದ್ರೆ ನಿನ್ ಬೆನ್ನೂ ಸೀಳ್ತೀನಿ. ಒಳಗೆ ಏನ್ ಸಿಕ್ಕಿದ್ರೂ ಬಾಯಿ ಮುಚ್ಕೊಂಡು ಆಚೆ ಎಸಿ!"

ಮರುಭೂಮಿಯ ನಡುವಿನ ತಘಾಜಾದ ಉಪ್ಪಿನ ಗಣಿಯಲ್ಲಿ ಮೇಸ್ತ್ರಿ ಸಿದಾಲಿಯ ಬೈಗುಳ ಹೊಸದಲ್ಲ. ಅವನ ರುಮಾಲು ಮಾತ್ರ ಹೊಸದು. ನದಿಯ ಕಡೆಯ ದೊರೆ ಸೋತ, ಗಾವೋ ಪಟ್ಟಣ ಬಂದೂಕಿನವರ ಪಾಲಾಯಿತು ಎಂಬ ಸುದ್ದಿ ಬಂದ ದಿನವೇ ಅವನು ಅದನ್ನು ಗೆದ್ದವರ ಬಣ್ಣಕ್ಕೆ ಬದಲಾಯಿಸಿದ್ದ. ಜೀತದಾಳುಗಳಿಗೆ ಬದಲಾದದ್ದು ಉಪ್ಪಿನ ಚಪ್ಪಡಿಯ ಮೇಲೆ ಕೊರೆಯುವ ಒಡೆಯನ ಗುರುತೊಂದೇ. ಎಷ್ಟು ಉಪ್ಪು ಕಿತ್ತರೂ ಹೊಸ ಒಡೆಯರಿಗೆ ಸಾಲದು. ಹದಿನೈದು ವರ್ಷ ಮುಚ್ಚಿದ್ದ ಹಳೇ ಗುಂಡಿಯನ್ನೂ ತೆಗೆಸಿದ್ದರು.

ಆ ಗುಂಡಿಯ ಗೋಡೆಗೆ ಜಿಬೊ ಗುದ್ದಲಿ ಹಾಕುತ್ತಿದ್ದ. ಒಳಗೆ ಯಾರಿದ್ದಾರೆಂದು ಅವನಿಗೆ ಗೊತ್ತಿತ್ತು. ಗೊತ್ತಿಲ್ಲವೆಂದು ತನಗೇ ಹೇಳಿಕೊಂಡು ಇಷ್ಟು ವರ್ಷ ತಳ್ಳಿದ್ದ.

ಕಾಸ್ಸಾ ನೀರಿನ ತೊಗಲುಚೀಲ ಹೊತ್ತು ಬಂದಳು. ನಲವತ್ತು ಆಳುಗಳಿಗೆ ಇಡೀ ದಿನಕ್ಕೆ ಅದೊಂದೇ ಚೀಲ.

"ಜಿಬೊ ಅಣ್ಣಾ, ಗಾವೋ ಬಿತ್ತಂತೆ. ನಮ್ ಯಜಮಾನ್ರು ಹೆಂಗವ್ರೋ! ಈ ನರಕದಿಂದ್ಲೇ ತಪ್ಪಿಸ್ಕೊಂಡ್ ಹೋದೋರು, ಬಂದೂಕಿಗೆ ಸಿಕ್ತಾರಾ? ಎಲ್ಲೋ ಮೀನು ತಿಂತಾ ಕುಂತಿರ್ತಾರೆ ಬಿಡು."

ಹದಿನೈದು ವರ್ಷದಿಂದ ಅವಳದು ಇದೇ ಮಾತು. ಗಂಡ ಹಮ್ಮಾದಿ ಒಂಟೆಗಳ ಸಾಲಿನಲ್ಲಿ ಅಡಗಿ ಓಡಿಹೋದನೆಂದು ಅವಳಿಗೆ ಹೇಳಿದವನು ಜಿಬೊನೇ.

ಗುದ್ದಲಿಯ ಇನ್ನೊಂದು ಏಟು ಬಿತ್ತು. ಗೋಡೆ ಕುಸಿದು ಒಂದು ಕೈ ಹೊರಬಂತು, ಹಿಂದೆಯೇ ಮುಖ, ಆಮೇಲೆ ಇಡೀ ಮೈ. ಉಪ್ಪು ಏನನ್ನೂ ಕೊಳೆಯಲು ಬಿಟ್ಟಿರಲಿಲ್ಲ. ಅದೇ ಮುರಿದ ಮುಂದಿನ ಹಲ್ಲು, ಅದೇ ಕಪ್ಪು ಗಡ್ಡ. ಬೆನ್ನ ಮೇಲೆ ಬಾಸುಂಡೆ. ಜಿಬೊನ ಗಡ್ಡ ಮಾತ್ರ ಈ ನಡುವೆ ಬೆಳ್ಳಗಾಗಿತ್ತು.

"ಕಾಲು ಹಿಡ್ದು ಎಳೆದು ಬಿಸಾಕ್ಲಾ!" ಮೇಲಿನಿಂದ ಸಿದಾಲಿ ಕೂಗಿದ.

ಕಾಸ್ಸಾ ಗಂಡನ ಮುಖದಿಂದ ಕಣ್ಣು ತೆಗೆದು ಜಿಬೊನನ್ನೇ ನೋಡಿದಳು.

"ನಾನೇ ಕಣವ್ವಾ," ಎಂದ ಜಿಬೊ. "ಓಡೋಕೆ ನೋಡ್ತಾವ್ನೆ ಅಂತ ಮೇಸ್ತ್ರಿಗೆ ನಾನೇ ಹೇಳ್ದೆ. ಒಂದು ಬಟ್ಟಲು ಸಜ್ಜೆ ಕೊಟ್ಟ. ಇವನ್ನ ಹೊಡ್ದು ಕೊಂದು ಇಲ್ಲೇ ಹೂತಾಕ್ದ. ಆಮೇಲೆ, ಓಡಿಹೋದ ಅಂತ ಅವಳಿಗೆ ಹೇಳು, ಅಳ್ತಾ ಕುಂತ್ರೆ ನೀರು ಹೊರೋರ್ಯಾರು ಅಂದ. ಹೇಳ್ದೆ."

"ಆ ಸಜ್ಜೇಲಿ ನಂಗೂ ಒಂದು ತುತ್ತು ಕೊಟ್ಟಿದ್ದಲ್ಲೋ ಅಣ್ಣಾ."

ಜಿಬೊನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಅವನು ನಿಂತಿದ್ದೇ ಅದರ ಬಾಯೊಳಗೆ.

ಕಾಸ್ಸಾ ಗಂಡನ ಪಕ್ಕ ಕುಳಿತು ಚೀಲದ ಕಟ್ಟು ಬಿಚ್ಚಿದಳು. ಮೊದಲು ಕೈ, ಆಮೇಲೆ ಮುಖ, ಆಮೇಲೆ ಬೆನ್ನು. ಸತ್ತವರಿಗೆ ಮಾಡಿಸುವ ಸ್ನಾನ ಅದು. ನೀರು ಉಪ್ಪಿನಲ್ಲಿ ಇಂಗಿ ಹೋಗುತ್ತಿತ್ತು.

"ನಲವತ್ತು ಜನದ ನೀರು ಕಣೇ ಮುಂಡೆ!" ಸಿದಾಲಿ ಚಾವಟಿ ಬಿಚ್ಚಿ ಇಳಿದು ಬಂದ. "ನಿಮ್ಮ ನೀರು ಕಣ್ರೋ! ಕಿತ್ಕೊಳ್ರಲಾ!"

ಆಳುಗಳು ಒಣಗಿದ ತುಟಿ ಸವರಿಕೊಂಡರು. ಒಬ್ಬ ಗುದ್ದಲಿ ಕೆಳಗಿಟ್ಟು ಬಂದು ಕಾಸ್ಸಾಳ ಬೆನ್ನಿಗೆ ನಿಂತ. ಇನ್ನೊಬ್ಬ ಬಂದ. ಆಮೇಲೆ ಎಲ್ಲರೂ, ಹೆಗಲಿಗೆ ಹೆಗಲು ಕೊಟ್ಟು.

ಮೊದಲ ಏಟು ತನಗೇ ಬೀಳಲಿ ಎಂದು ಜಿಬೊ ಆ ಸಾಲಿನೊಳಕ್ಕೆ ನುಗ್ಗಲು ನೋಡಿದ. ಯಾರೂ ಅವನನ್ನು ತಳ್ಳಲಿಲ್ಲ, ಬೈಯಲೂ ಇಲ್ಲ. ಯಾರ ಹೆಗಲೂ ಪಕ್ಕಕ್ಕೆ ಸರಿಯಲಿಲ್ಲ, ಅಷ್ಟೇ. ಚಾವಟಿ ಬೇರೆಯವರ ಮೇಲೆ ಬೀಳುವ ಸದ್ದನ್ನು ಅವನು ಹೊರಗೆ ನಿಂತು ಕೇಳಿದ.