ಭಾನುವಾರದ ಡ್ಯೂಟಿ

ಭಾನುವಾರ ಮಧ್ಯಾಹ್ನ ಊಟದ ಎಲೆ ಎತ್ತುವಷ್ಟರಲ್ಲಿ ಸೇತುರಾಮನ ಮನೆಯ ಹಾಲಿನಲ್ಲಿ ಆಟಕ್ಕೆ ಚಾಪೆ ಬಿದ್ದಿರುತ್ತಿತ್ತು. ಜಯನಗರದ ಆ ಮನೆ ದೊಡ್ಡದೇನಲ್ಲ. ಒಂದು ಹಾಲು, ಒಂದು ರೂಮು, ಹಿಂದೆ ಅಡುಗೆಮನೆ. ಅಷ್ಟರಲ್ಲೇ ಸೇತುರಾಮ, ಅವನ ಹೆಂಡತಿ ಕಾತ್ಯಾಯಿನಿ ಮತ್ತು ತಾಯಿ ಸತ್ಯಭಾಮಮ್ಮ ಇದ್ದರು. ಭಾನುವಾರ ಬಂತೆಂದರೆ ಶ್ರೀನಗರದಿಂದ ಅವನ ಅಣ್ಣ ಅನಂತರಾಮು, ಅತ್ತಿಗೆ ವಿಶಾಲಾಕ್ಷಿ, ಐದನೇ ಕ್ಲಾಸಿನ ಮಗಳು ಶೈಲಜ, ತೊಟ್ಟಿಲ ಕೂಸು ಎಲ್ಲರೂ ಬಂದಿಳಿಯುತ್ತಿದ್ದರು.

ಹೆಸರು, ಊರು, ಪ್ರಾಣಿ, ತಿಂಡಿ, ವಸ್ತು. ಹಾಳೆಯ ಮೇಲೆ ಗೆರೆ ಎಳೆದು ಐದು ಮನೆ ಮಾಡಿಕೊಳ್ಳಬೇಕು. ಒಬ್ಬರು ಮನಸ್ಸಿನಲ್ಲೇ ಅಕ್ಷರಮಾಲೆ ಓಡಿಸಬೇಕು, ಇನ್ನೊಬ್ಬರು ಸ್ಟಾಪ್ ಎನ್ನಬೇಕು. ನಿಂತ ಅಕ್ಷರದಿಂದ ಮೂರು ನಿಮಿಷದೊಳಗೆ ಐದನ್ನೂ ತುಂಬಬೇಕು. ಯಾರೂ ಬರೆಯದ್ದನ್ನು ಬರೆದರೆ ಹತ್ತು ಮಾರ್ಕು, ಇನ್ನೊಬ್ಬರದೂ ಅದೇ ಆದರೆ ಐದು. ಶೈಲಜ ಸ್ಕೂಲಿನಿಂದ ಕಲಿತು ತಂದ ಆಟ ಅದು. ಆದರೆ ಅದನ್ನು ಹಿಡಿದುಕೊಂಡದ್ದು ಅವಳ ಅಪ್ಪ. ಹೈಸ್ಕೂಲು ಮೇಷ್ಟರಾದ ಅನಂತರಾಮು ಸೋಲುವುದನ್ನು ಸಹಿಸುತ್ತಿರಲಿಲ್ಲ, ಮಗಳ ಕೈಯಲ್ಲಿ ಸೋಲುವುದನ್ನಂತೂ ಇಲ್ಲವೇ ಇಲ್ಲ.

ಟೈಮ್ ನೋಡುವ ಕೆಲಸ ಕಾತ್ಯಾಯಿನಿಯದು. ಅವಳು ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್.

"ಮೂರು ನಿಮಿಷ ಅಳೆಯೋಕೆ ನಮ್ಮ ಕಾತ್ಯಾಯಿನಿಗಿಂತ ಬೇಕಾ? ದಿನಾ ಅದೇ ತಾನೇ ಅವಳ ಕೆಲಸ," ಎಂದು ಭಾವ ಮೊದಲ ದಿನವೇ ತೀರ್ಮಾನ ಮಾಡಿಬಿಟ್ಟಿದ್ದರು.

ದಿನಾ ಅದೇ ಕೆಲಸ ಎಂಬುದೇನೋ ನಿಜ. ಕಿವಿಗೆ ಹೆಡ್‌ಸೆಟ್ ಬಿಗಿದುಕೊಂಡು ಮದರಾಸಿಗೋ ಹುಬ್ಬಳ್ಳಿಗೋ ಲೈನು ಕೊಟ್ಟು, ಮೂರು ನಿಮಿಷವಾದೊಡನೆ ಮಧ್ಯೆ ಬಾಯಿ ಹಾಕಿ, ಮುಂದುವರಿಸುತ್ತೀರಾ ಎಂದು ಕೇಳಬೇಕು. ಆ ಕಡೆ ಸಾವಿನ ಸುದ್ದಿಯಿರಬಹುದು, ಹೆರಿಗೆಯ ಸುದ್ದಿಯಿರಬಹುದು, ಕೇಳದೆ ವಿಧಿಯಿಲ್ಲ. ಆ ವರ್ಷ, ಎಪ್ಪತ್ತೊಂಬತ್ತರಲ್ಲಿ, ಅವಳ ಸೆಕ್ಷನ್ನಿನ ಮೂವರು ಒಟ್ಟಿಗೇ ಹೆರಿಗೆ ರಜದ ಮೇಲೆ ಹೋಗಿದ್ದರು. ಉಳಿದವರ ಮೇಲೆ ಅವರ ಡ್ಯೂಟಿಯೂ ಬಿದ್ದಿತ್ತು. ಕಾತ್ಯಾಯಿನಿ ನಾಲ್ಕೂವರೆಗೆ ಎದ್ದು, ನೀರು ಹಿಡಿದು, ಸಾರು ಪಲ್ಯ ಮಾಡಿಟ್ಟು ಮೊದಲ ಬಸ್ಸು ಹಿಡಿಯುತ್ತಿದ್ದಳು. ತಿರುಗಿ ಬಂದಮೇಲೂ ಕಿವಿಯೊಳಗೆ ಗುಂಯ್ ಎನ್ನುವ ಸದ್ದು ನಿಲ್ಲುತ್ತಿರಲಿಲ್ಲ. ಭಾನುವಾರವೊಂದೇ ಅವಳಿಗೆ ರಜ. ಅವತ್ತು ಆರು ಜನರ ಅಡುಗೆ, ನಾಲ್ಕು ಗಂಟೆಗೆ ಬೋಂಡ, ಎರಡು ಸಲ ಕಾಫಿ. ನಡುನಡುವೆ ಗಡಿಯಾರ. ನೀನೂ ಒಂದು ಹಾಳೆ ತಗೋ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಅವಳಿಗೆ ಬೇಕಿರಲಿಲ್ಲ.

ಆಷಾಢದ ಒಂದು ಭಾನುವಾರ ‘ಗ’ ಅಕ್ಷರ ಬಂದಿತ್ತು. ಎಲ್ಲರೂ ತಲೆ ಬಗ್ಗಿಸಿ ಬರೆಯುತ್ತಿದ್ದರು. ಗೋಡೆಗೊರಗಿ ಮಣಿಕಟ್ಟಿನ ಗಡಿಯಾರದ ಸೆಕೆಂಡಿನ ಮುಳ್ಳನ್ನೇ ನೋಡುತ್ತಿದ್ದ ಕಾತ್ಯಾಯಿನಿಗೆ ಯಾವಾಗ ಕಣ್ಣು ಮುಚ್ಚಿತೋ ತಿಳಿಯಲಿಲ್ಲ. ಎಚ್ಚರವಾದಾಗ ಹಾಲೆಲ್ಲ ನಗುತ್ತಿತ್ತು.

"ಮುಂದುವರಿಸ್ತೀರಾ ಸಾರ್ ಅಂದ್ಯಲ್ಲಮ್ಮ! ನಿದ್ದೇಲೂ ಡ್ಯೂಟಿನಾ?" ಎಂದು ಅನಂತರಾಮು ಹೊಟ್ಟೆ ಹಿಡಿದುಕೊಂಡಿದ್ದರು. ಸೇತುರಾಮ ಕಣ್ಣೀರು ಒರೆಸಿಕೊಳ್ಳುತ್ತಿದ್ದ. ಕಾತ್ಯಾಯಿನಿಯೂ ನಕ್ಕಳು. ನಕ್ಕು, ಎದ್ದು ಹೋಗಿ ಒಲೆಯ ಮೇಲೆ ಬಾಣಲೆ ಇಟ್ಟಳು. ಎಣ್ಣೆ ಕಾಯುವವರೆಗೂ ನಿಂತಿರಲು ಆಗದೆ ಅಲ್ಲೇ ಕುಕ್ಕರಗಾಲಿನಲ್ಲಿ ಕೂತಳು. ಮಾರನೆಯ ದಿನ ಮತ್ತೆ ನಾಲ್ಕೂವರೆಗೆ ಏಳಬೇಕೆಂಬುದು ನೆನಪಾಗಿ ಅವಳಿಗೆ ಅಳು ಬಂದಂತಾಯಿತು. ಆದರೆ ಅಳುವುದಕ್ಕೂ ಮೈಯಲ್ಲಿ ತ್ರಾಣ ಬೇಕು.

ಮುಂದಿನ ಶನಿವಾರ ಅವಳು ಗಂಡನಿಗೆ, "ನಾಳೆ ನಂಗೂ ಡ್ಯೂಟಿ ಹಾಕಿದಾರೆ. ಹನ್ನೆರಡರಿಂದ ಐದು," ಎಂದಳು. ಬಾಯಿಂದ ಅದು ಬಂದಮೇಲೆಯೇ ತಾನು ಸುಳ್ಳು ಹೇಳಿದ್ದು ಅವಳಿಗೆ ಗೊತ್ತಾದದ್ದು.

"ಭಾನುವಾರಾನೂ ಬಿಡಲ್ವಾ ಅವರು?" ಎಂದ ಸೇತುರಾಮ. ಪಾಪ, ಅವನಿಗೆ ನಿಜವಾಗಿ ಬೇಸರವಾಗಿತ್ತು.

ಅಡುಗೆ ಮುಗಿಸಿಟ್ಟು, ಡ್ಯೂಟಿಗೆ ಉಡುವ ಸೀರೆಯನ್ನೇ ಉಟ್ಟು, ಕೊಡೆ ಹಿಡಿದು ಹೊರಟವಳು ನಡೆದದ್ದು ಯಡಿಯೂರಿಗೆ. ಅಲ್ಲಿ ಕೆರೆಯ ಹಿಂದಿನ ಓಣಿಯಲ್ಲಿ ಎಕ್ಸ್‌ಚೇಂಜಿನಲ್ಲಿ ಅವಳ ಪಕ್ಕದ ಬೋರ್ಡಿನ ಈಶ್ವರಮ್ಮ ತನ್ನ ತಾಯಿ ಅಂಕಮ್ಮನ ಜೊತೆ ಇದ್ದಳು. ಹಳೇ ಊರಿನ ಮನೆ, ಮುಂದೆ ಒಂದು ಹಜಾರ, ಹಜಾರಕ್ಕೆ ಮರದ ಕಟಕಟೆ.

"ಏನೇ ಕಾತಿ, ಇಷ್ಟೊತ್ನಲ್ಲಿ?" ಎಂದಳು ಈಶ್ವರಮ್ಮ.

"ಒಂದು ಚಾಪೆ ಕೊಡೇ. ಸ್ವಲ್ಪ ಮಲ್ಕೊಂಡು ಹೋಗ್ತೀನಿ."

ಈಶ್ವರಮ್ಮ ಅವಳ ಮುಖ ನೋಡಿ ಒಳಗಿನಿಂದ ಚಾಪೆ ತಂದಳು. ಅಂಕಮ್ಮ ಹಜಾರದಲ್ಲೇ ಚಾಪೆ ಹಾಕಿ, ತಲೆಗೆ ಒಂದು ಮಡಚಿದ ಕಂಬಳಿ ಇಟ್ಟಳು. "ಮಲೀಕೋ ತಾಯಿ, ಇಲ್ಲಿ ಗಾಳಿ ಚೆನ್ನಾಗದೆ," ಎಂದಳು. ಕಾತ್ಯಾಯಿನಿ ಎದ್ದದ್ದು ನಾಲ್ಕೂವರೆಗೆ. ಅಂಕಮ್ಮ ತಟ್ಟೆಯಲ್ಲಿ ರೊಟ್ಟಿ, ಹುಚ್ಚೆಳ್ಳಿನ ಚಟ್ನಿ ತಂದಿಟ್ಟಳು. ಬೇರೆಯವರ ಮನೆಯಲ್ಲಿ ನೀರೂ ಮುಟ್ಟದ ಮನೆತನದ ಸೊಸೆ ಎರಡು ರೊಟ್ಟಿ ತಿಂದಳು, ಮೂರನೆಯದನ್ನು ತಾನೇ ಕೇಳಿ ಹಾಕಿಸಿಕೊಂಡಳು.

ಹೀಗೆ ನಾಲ್ಕು ಭಾನುವಾರ ಕಳೆಯಿತು. ಪ್ರತಿ ಸಲವೂ ಹೊರಡುವಾಗ ಇದೇ ಕಡೆಯದು ಎಂದುಕೊಳ್ಳುತ್ತಿದ್ದಳು. ಶನಿವಾರ ಬಂದರೆ ಸುಳ್ಳು ತಾನಾಗಿ ಬಾಯಿಗೆ ಬರುತ್ತಿತ್ತು.

ಐದನೆಯ ಭಾನುವಾರ ಅವಳು ಮನೆಗೆ ಬಂದಾಗ ಆಟ ಇನ್ನೂ ನಡೆದಿತ್ತು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಂತೆಯೇ ಅನಂತರಾಮು, "ಬಂದ್ಯಾ, ಸರಿಹೋಯ್ತು. ಇವನ ವಾಚು ನಿಂತುನಿಂತು ಹೋಗುತ್ತೆ. ಕಡೇ ರೌಂಡು, ಟೈಮ್ ನೋಡಮ್ಮ," ಎಂದರು. ಕಾತ್ಯಾಯಿನಿ ಕೊಡೆಯನ್ನು ಮೂಲೆಗಿಟ್ಟು, ನಿಂತೇ ಗಡಿಯಾರ ನೋಡಿದಳು. ಅಕ್ಷರ ‘ಯ’.

ಮೂರು ನಿಮಿಷ ಮುಗಿಯಿತು. ಎಲ್ಲರೂ ಒಂದೊಂದಾಗಿ ಓದಿದರು. ಹೆಸರಿಗೆ ಮೂವರೂ ಯಶೋದೆ ಎಂದು ಬರೆದಿದ್ದರು. ತಿಂಡಿಗೆ ಯಾರ ಹಾಳೆಯಲ್ಲೂ ಏನೂ ಇರಲಿಲ್ಲ. ಊರಿನ ಸರದಿ ಬಂತು. ಅನಂತರಾಮು ಯಾದಗಿರಿ ಎಂದರು, ಸೇತುರಾಮ ಯಲಹಂಕ ಎಂದ.

"ಯಡಿಯೂರು," ಎಂದಳು ಶೈಲಜ.

"ಶಭಾಷ್. ಕುಣಿಗಲ್ ಹತ್ರದ್ದು ತಾನೇ? ದೇವಸ್ಥಾನ ಇರೋದು? ಹತ್ತು ಮಾರ್ಕು."

"ಅಲ್ಲಪ್ಪ, ಇಲ್ಲೇ ಕೆರೆ ಹತ್ರ ಇದೆಯಲ್ಲ, ಅದು."

"ಅದು ಊರಾ? ಬೆಂಗಳೂರೊಳಗಿನ ಬಡಾವಣೆ ಅದು. ಸೊನ್ನೆ."

ಹುಡುಗಿಗೆ ಸಿಟ್ಟು ಬಂತು. "ಊರೇ! ಹಳೇ ಊರು, ಹಸು ಎಲ್ಲಾ ಇದೆ. ಹೋದ ಭಾನುವಾರ ಇಲ್ಲಿಗೆ ಬರ್ದೆ ಡ್ಯಾನ್ಸ್ ಕ್ಲಾಸಿಂದ ನನ್ನ ಫ್ರೆಂಡ್ ವೀಣಾ ಮನೆಗೆ ಹೋಗಿದ್ನಲ್ಲ, ಅಲ್ಲೇ. ಬೇಕಾದ್ರೆ ಚಿಕ್ಕಮ್ಮನ್ನ ಕೇಳು. ಚಿಕ್ಕಮ್ಮ ಅಲ್ಲೇ ಎದುರುಮನೆ ಹಜಾರದಲ್ಲಿ ಮಲಗಿದ್ರು."

ಹಾಲಿನಲ್ಲಿ ಎಲ್ಲರೂ ಪೆನ್ಸಿಲು ಹಿಡಿದಿದ್ದ ಹಾಗೇ ಕಾತ್ಯಾಯಿನಿಯ ಕಡೆ ತಿರುಗಿದರು. ತಾನು ಆಡಿದ್ದು ಏನೋ ತಪ್ಪಾಯಿತೆಂದು ಶೈಲಜಳಿಗೂ ಗೊತ್ತಾಗಿ ಅವಳು ಅಜ್ಜಿಯ ಪಕ್ಕಕ್ಕೆ ಸರಿದಳು.

"ಹೋದ ಭಾನುವಾರ ಡ್ಯೂಟಿ ಇತ್ತಲ್ವಾ?" ಎಂದು ಸೇತುರಾಮ ಮೆಲ್ಲಗೆ ಕೇಳಿದ.

ಮಗು ಬೇರೆ ಯಾರನ್ನೋ ನೋಡಿರಬೇಕು ಎಂದುಬಿಡಬಹುದಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಆಮೇಲೆ ಅದನ್ನು ನೆನಪಿಟ್ಟುಕೊಳ್ಳಬೇಕು, ಅದಕ್ಕೆ ಇನ್ನೊಂದು ಜೋಡಿಸಬೇಕು. ಅಷ್ಟು ಕೆಲಸ ತನ್ನಿಂದ ಆಗದು ಎನಿಸಿತು ಕಾತ್ಯಾಯಿನಿಗೆ.

"ಇರ್ಲಿಲ್ಲ. ಐದು ವಾರದಿಂದ್ಲೂ ಇಲ್ಲ. ಈಶ್ವರಮ್ಮನ ಮನೇಗೆ ಹೋಗ್ತಿದ್ದೆ."

"ಯಾಕೆ?"

"ನಿದ್ದೆ ಮಾಡೋಕೆ."

ರೂಮಿನಿಂದ ವಿಶಾಲಾಕ್ಷಿ ಹೊರಗೆ ಬಂದಳು. "ಚೆನ್ನಾಗಿದೆಯಮ್ಮ! ಮನೇಗೆ ನಾವು ಬರ್ತೀವೀಂತ ನೀನು ಊರೂರು ತಿರುಗೋದಾ? ನಾವು ಬರೋದು ಬೇಡ ಅಂದಿದ್ರೆ ಆಗ್ತಿತ್ತು. ಅಲ್ಲೇ ತಿಂದ್ಯೋ ಏನು ಕತೆ?"

"ತಿಂದೆ ಅಕ್ಕ. ಹಸಿವಾಗಿತ್ತು."

ಸೇತುರಾಮನ ಮುಖ ಕೆಂಪಾಗಿತ್ತು. ಹೆಂಡತಿಯ ಮೇಲೆ ಕೋಪವೋ, ಅಣ್ಣನ ಮುಂದೆ ಅವಮಾನವೋ ಅವನಿಗೇ ತಿಳಿದಿರಲಿಲ್ಲ. "ನಿದ್ದೆ ಬಂದ್ರೆ ಮನೇಲೇ ಮಲ್ಕೋಬಹುದಿತ್ತಲ್ಲೇ. ಯಾರು ಬೇಡ ಅಂತಿದ್ರು?"

"ಎಲ್ಲಿ ಮಲ್ಕೊಳ್ಳಿ?" ಎಂದಳು ಕಾತ್ಯಾಯಿನಿ. ಜಗಳದ ದನಿಯಲ್ಲ ಅದು. ನಿಜವಾಗಿಯೂ ಕೇಳುವವಳ ಹಾಗೆ ಕೇಳಿದಳು. ಹಾಲಿನ ತುಂಬ ಚಾಪೆ, ಹಾಳೆ, ಜನ. ರೂಮಿನಲ್ಲಿ ಕೂಸಿನ ಜೋಲಿ. ಅಡುಗೆಮನೆಯಲ್ಲಿ ತೊಳೆಯದ ಪಾತ್ರೆ. ಸೇತುರಾಮ ಒಮ್ಮೆ ರೂಮಿನ ಕಡೆ, ಒಮ್ಮೆ ಅಡುಗೆಮನೆಯ ಕಡೆ ನೋಡಿ ತಲೆ ತಗ್ಗಿಸಿದ.

ಅನಂತರಾಮು ಗಂಟಲು ಸರಿಮಾಡಿಕೊಂಡು, "ಆಟ ಬೇಡ ಅಂತ ಹೇಳಿದ್ರೆ ಮುಗೀತಿತ್ತಲ್ಲಮ್ಮ, ನಾವೇನು..." ಎಂದು ಶುರುಮಾಡಿದರು.

"ನೀನು ಸುಮ್ನಿರೋ ಅನಂತು," ಎಂದರು ಸತ್ಯಭಾಮಮ್ಮ. ಅವರು ಹಾಳೆಗಳನ್ನೆಲ್ಲ ಒಟ್ಟು ಮಾಡಿ, ಮೊಣಕಾಲಿಗೆ ಕೈ ಊರಿ ಎದ್ದರು. "ಹೊತ್ತಾಯ್ತು, ಮಗೂನ ಕರ್ಕೊಂಡು ಹೊರಡಿ. ಬಸ್ಸು ಸಿಕ್ಕಲ್ಲ ಆಮೇಲೆ."

ಅವರು ಹೋದಮೇಲೂ ಅತ್ತೆ ಸೊಸೆಗೆ ಏನೂ ಅನ್ನಲಿಲ್ಲ. ಬೈದಿದ್ದರೇ ಹಗುರವಾಗುತ್ತಿತ್ತು. ಸೇತುರಾಮ ಎರಡು ದಿನ ಬೇಕಾದಷ್ಟೇ ಮಾತಾಡಿದ. ಬುಧವಾರ ಮಾತ್ರ, ಅವಳು ಡ್ಯೂಟಿಯಿಂದ ಬಂದಾಗ, ನೀರು ಹಿಡಿದಿಟ್ಟಿದ್ದ. ಎರಡು ಕೊಡ ತುಂಬಿಸಿ ಮೂರನೆಯದನ್ನು ಮರೆತಿದ್ದ.

ಶನಿವಾರ ಸಂಜೆ ಸತ್ಯಭಾಮಮ್ಮ ಮಗನಿಗೆ ಹೇಳಿದರು: "ನಾಳೆ ನಾವಿಬ್ರೂ ಶ್ರೀನಗರಕ್ಕೆ ಹೋಗೋಣ. ಊಟ, ಆಟ ಎಲ್ಲಾ ಅಲ್ಲೇ ಆಗ್ಲಿ. ಅನಂತೂಗೆ ಹೇಳಿ ಕಳಿಸಿದೀನಿ." ಆಮೇಲೆ ಸೊಸೆಯ ಕಡೆ ನೋಡದೆ ಅಂದರು: "ನಮ್ಮತ್ತೆ ಮನೇಲಿ ಹದಿನಾಲ್ಕು ಜನ. ನಾನು ಕೊಟ್ಟಿಗೇಲಿ ಹೋಗಿ ಮಲಗ್ತಿದ್ದೆ. ಬಾಗಿಲು ಹಾಕ್ಕೊಂಡು ಮಲಕ್ಕೊ ನೀನು."

ಭಾನುವಾರ ಹತ್ತೂವರೆಗೆ ಅವರಿಬ್ಬರೂ ಹೊರಟರು. ಕಾತ್ಯಾಯಿನಿ ಚಿಲಕ ಹಾಕಿ, ಹಾಲಿನ ನಡುವೆ ಚಾಪೆ ಹಾಸಿ ಮಲಗಿದಳು. ಬಹಳ ಹೊತ್ತು ನಿದ್ದೆ ಬರಲಿಲ್ಲ. ಮದುವೆಯಾಗಿ ನಾಲ್ಕು ವರ್ಷದಲ್ಲಿ ಈ ಮನೆಯಲ್ಲಿ ಅವಳು ಒಬ್ಬಳೇ ಇದ್ದದ್ದು ಇದೇ ಮೊದಲು. ಪಕ್ಕದ ಮನೆಯ ರೇಡಿಯೋ, ಬೀದಿಯಲ್ಲಿ ಹಳೇ ಪೇಪರ್‌ನವನ ಕೂಗು, ನಲ್ಲಿಯಿಂದ ತೊಟ್ಟಿಕ್ಕುವ ನೀರು, ಒಂದೊಂದೂ ಕೇಳುತ್ತಿತ್ತು. ಎದ್ದು ನಲ್ಲಿ ಬಿಗಿ ಮಾಡಬೇಕು ಎಂದುಕೊಂಡಳು. ಏಳಲಿಲ್ಲ.

ಕಣ್ಣು ಬಿಟ್ಟಾಗ ಹಾಲಿನೊಳಗೆ ಬೆಳಕು ಕುಂದಿತ್ತು. ಗಡಿಯಾರ ಆರೂಕಾಲು ತೋರಿಸುತ್ತಿತ್ತು. ಗಾಬರಿಯಿಂದ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ತಾಯಿ ಮಗ ಇಬ್ಬರೂ ಕೂತಿದ್ದರು. ಸತ್ಯಭಾಮಮ್ಮ ಸೆರಗಿನಲ್ಲಿ ಹರಿವೆ ಸೊಪ್ಪು ಹರವಿಕೊಂಡು ಬಿಡಿಸುತ್ತಿದ್ದರು.

"ಅಯ್ಯೋ, ಯಾವಾಗ ಬಂದ್ರಿ? ಬಾಗಿಲು ತಟ್ಟಬಾರದಿತ್ತಾ?"

"ಐದಕ್ಕೇ ಬಂದ್ವಿ. ತಟ್ಟೋಕೆ ಹೋದೆ, ಅಮ್ಮ ಕೈ ಹಿಡ್ಕೊಂಡ್ರು," ಎಂದ ಸೇತುರಾಮ. ಎದ್ದು ಪಂಚೆ ಕೊಡವಿಕೊಂಡ. ಅವಳ ಊದಿಕೊಂಡ ಕಣ್ಣು, ಕೆನ್ನೆಯ ಮೇಲೆ ಮೂಡಿದ್ದ ಚಾಪೆಯ ಗೆರೆ ನೋಡಿದ. "ನಿದ್ದೆ ಬಂತಾ?"

"ಬಂತು," ಎಂದಳು ಕಾತ್ಯಾಯಿನಿ. ಬಾಗಿಲ ಚೌಕಟ್ಟಿಗೆ ಒರಗಿ ಆಕಳಿಸಿ, "ಸಾಲ್ದು," ಎಂದಳು.